ಗಿಟಾರು ರಿಪೇರಿ ಮಾಡಿದ್ದು ಯಾರು?

ಇದು 1949ನೇ ಇಸವಿಯ ಮಾತು. ಜನವರಿಯ ಮೂವರು ರಾಯರ ಹಬ್ಬ ಕಳೆದಿತ್ತು, ಈಸ್ಟರಿಗೆ ಮೊದಲಿನ ತಪಸ್ಸುಕಾಲ ಇನ್ನೂ ಹಿಡಿದಿರಲಿಲ್ಲ. ನಮ್ಮ ಕ್ರೈಸ್ತರ ಮದುವೆಗಳೆಲ್ಲ ಈ ಎರಡರ ನಡುವೆ ಒತ್ತೊತ್ತಾಗಿ ನಡೆಯುತ್ತವೆ. ಅಂಥ ಒಂದು ಮದುವೆಯ ಮುನ್ನಾದಿನ ಮಂಗಳೂರು ಬೆಂದೂರಿನ ದೊಡ್ಡ ಮನೆಯೊಂದರ ಅಂಗಳದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಮರೆಯಲು ನಾನೇನೋ ಪ್ರಯತ್ನ ಮಾಡಿದೆ. ಊರು ಮರೆಯಲು ಬಿಡಲಿಲ್ಲ.

ಆಗ ನನಗೆ ಇಪ್ಪತ್ತೊಂದು ವರ್ಷ. ಹೆಸರು ಸೆಲಿನ್. ನನ್ನ ತಂದೆಗೆ ಹಂಪನಕಟ್ಟೆಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಇತ್ತು. ಗ್ರಾಮಫೋನು, ರೇಡಿಯೋ, ಟೇಬಲ್ ಫ್ಯಾನು, ಕೊನೆಗೆ ಪಾದ್ರಿಗಳ ಟಾರ್ಚು, ಏನು ಕೆಟ್ಟರೂ ಜನ "ಪಾವ್ಲುವಿನ ಹತ್ತಿರ ಕೊಡಿ" ಎನ್ನುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಮಗಳೇ ಎಂದು ಕರೆಯುವ 'ಬಾಯೆ' ಎಂಬ ಮಾತೊಂದನ್ನು ಬಿಟ್ಟು ಎಲ್ಲರ ಮಾತನ್ನೂ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಬೈಗುಳಗಳನ್ನು ಮಾತ್ರ ಸ್ವಲ್ಪ ತೊಳೆದು ಹಾಕಿದ್ದೇನೆ.

ಪಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು. ದೊಡ್ಡ ಸ್ಕ್ರೂಗಳನ್ನು ಬಿಚ್ಚುವುದು, ಗಿರಾಕಿಗಳ ಹತ್ತಿರ ಮಾತಾಡುವುದು ಅವರ ಕೆಲಸ. ಕಣ್ಣು ಬೇಕಾದ ಕೆಲಸವೆಲ್ಲ ನನ್ನದು. ಅಂಗಡಿಯ ಹಿಂಭಾಗಕ್ಕೆ ಒಂದು ಪರದೆ ಕಟ್ಟಿತ್ತು. ಅದರ ಹಿಂದೆ ನನ್ನ ಬೆಂಚು, ಇದ್ದಲಿನ ಒಲೆ, ಬೆಸುಗೆ ಹಾಕುವ ತಾಮ್ರದ ಕಡ್ಡಿ. ಹೆಣ್ಣುಮಗಳು ರೇಡಿಯೋ ಬಿಚ್ಚುತ್ತಾಳೆಂದು ಗೊತ್ತಾದರೆ ಜನ ಸೆಟ್ಟು ಕೊಡಲಿಕ್ಕಿಲ್ಲ ಎಂಬ ಹೆದರಿಕೆಗೆ ಆ ಪರದೆ. ನಾನು ಅಪ್ಪನಿಗೆ ಬುತ್ತಿ ತರುವವಳು ಎಂದುಕೊಂಡವರೇ ಹೆಚ್ಚು.

"ಇನ್ನು ಸ್ವಲ್ಪ ದಿನ ಬಾಯೆ," ಎಂದು ಪಪ್ಪ ಹೇಳುತ್ತಲೇ ಇದ್ದರು. "ಒಂದು ಒಳ್ಳೆಯ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ. ಆಮೇಲೆ ನಾನೇ ನಿನ್ನನ್ನು ಮುಂದಿನ ಮೇಜಿನಲ್ಲಿ ಕೂರಿಸ್ತೇನೆ. ಇವಳೇ ನನ್ನ ಕೈ ಅಂತ ಎಲ್ಲರಿಗೂ ಹೇಳ್ತೇನೆ."

ನನಗೆ ಬೇಕಾಗಿದ್ದದ್ದು ಅದೊಂದೇ. ಓರಗೆಯ ಹುಡುಗಿಯರು ಸೀರೆಗೆ, ಸರಕ್ಕೆ ಆಸೆಪಟ್ಟರೆ ನಾನು ರಸ್ತೆಗೆ ಮುಖ ಮಾಡಿದ ಆ ಹಳೆಯ ಮೇಜಿಗೆ ಆಸೆಪಟ್ಟೆ.

ನನ್ನ ಅಮ್ಮನ ತಮ್ಮ ಜೆರಿ ಮಾಮ ಬೊಂಬಾಯಿಯಲ್ಲಿ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದರು. ಆ ಮದುವೆಗೆ ಮುಂಚಿನ ಕ್ರಿಸ್ಮಸ್ಸಿಗೆ ಸ್ಟೀಮರಿನಲ್ಲಿ ಊರಿಗೆ ಬಂದಾಗ ಅವರ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರು! ಯುದ್ಧ ಮುಗಿದು ಊರಿಗೆ ಹೊರಟ ಒಬ್ಬ ಅಮೆರಿಕನ್ ಸಿಪಾಯಿಯಿಂದ ಸಿಕ್ಕಿದ್ದಂತೆ. ಹೊಟ್ಟೆ ಟೊಳ್ಳು, ಎದೆಯ ಎರಡೂ ಬದಿಗೆ ಪಿಟೀಲಿಗೆ ಇರುವ ಹಾಗೆ ಉದ್ದನೆಯ ಸೀಳು, ತಂತಿಗಳ ಅಡಿಯಲ್ಲಿ ಒಂದು ಅಯಸ್ಕಾಂತದ ಪಟ್ಟಿ. ಅದರ ಸ್ವರ ಒಂದು ವೈರಿನ ಮೂಲಕ ಆಂಪ್ಲಿಫೈಯರ್ ಪೆಟ್ಟಿಗೆಗೆ ಹೋಗಿ ಅಲ್ಲಿ ದೊಡ್ಡದಾಗಿ ಕೇಳಬೇಕು. ಆ ವೈರಿನ ಪಿನ್ನನ್ನು ಚುಚ್ಚಲು ಗಿಟಾರಿನ ಪಕ್ಕೆಯಲ್ಲಿ ಒಂದು ತೂತು ಇರುತ್ತದೆ. ಅದರೊಳಗೆ ಕೂತಿರುವ ಭಾಗಕ್ಕೆ ಜ್ಯಾಕ್ ಎನ್ನುತ್ತಾರೆ. ಹೆಬ್ಬೆರಳಿನ ಗಾತ್ರದ್ದು. ಮಂಗಳೂರಿನಲ್ಲಿ ಅಂಥ ಗಿಟಾರನ್ನು ಅದಕ್ಕೆ ಮೊದಲು ನಾವು ಯಾರೂ ಕಂಡವರಲ್ಲ.

ಕ್ರಿಸ್ಮಸ್ಸಿನ ಸಂಜೆ ಸಿಲ್ವೆಸ್ತರ್ ಧಣಿಗಳು ಜೆರಿ ಮಾಮನನ್ನು ಮನೆಗೆ ಕರೆಸಿದರು. ಧಣಿಗಳು ಮರದ ವ್ಯಾಪಾರಿ, ಇಡೀ ಬೆಂದೂರಿಗೆ ದೊಡ್ಡವರು, ನಮ್ಮ ಅಂಗಡಿಗೂ ದೊಡ್ಡ ಗಿರಾಕಿ. ಅವರ ಹಾಲಿನಲ್ಲಿ ಪಪ್ಪನೇ ತರಿಸಿಕೊಟ್ಟ ಹೊಸ ರೇಡಿಯೋ ಇತ್ತು. ಅದರ ಹಿಂದುಗಡೆ ಗ್ರಾಮಫೋನು ಜೋಡಿಸುವ ತೂತುಗಳಿದ್ದವು. ಮಾಮನ ಸಣ್ಣ ಪೆಟ್ಟಿಗೆಯ ಬದಲು ಪಪ್ಪ ಗಿಟಾರಿನ ವೈರನ್ನು ಅದಕ್ಕೇ ಸಿಕ್ಕಿಸಿ, ರೇಡಿಯೋದೊಳಗಿಂದಲೇ ಗಿಟಾರು ಕೇಳಿಸಿದರು. ಜನ ಬಾಯಿ ಬಿಟ್ಟು ಕೇಳಿದರು. ಆದರೆ ಒಂದು ಡ್ಯಾನ್ಸಿನ ನಡುವೆ ಕರಕರ ಸದ್ದಾಗಿ ಸ್ವರ ನಿಂತೇಹೋಯಿತು. ವೈರು ಅಲ್ಲಾಡಿಸಿದರೆ ಬರುವುದು, ಬಿಟ್ಟರೆ ಹೋಗುವುದು. ಕುಣಿಯುತ್ತಿದ್ದವರು ಕಾಲೆತ್ತಿಕೊಂಡು ನಿಂತರು.

"ಎಂತ ಮಾರಾಯ ಜೆರಿ, ಬೊಂಬಾಯಿ ಗಿಟಾರಿಗೆ ಮಂಗಳೂರಿನ ನೆಗಡಿ ಆಯ್ತಾ?" ಎಂದರು ಧಣಿಗಳು. ಎಲ್ಲರೂ ನಕ್ಕರು. ಮಾಮನ ಮುಖ ಸಣ್ಣದಾಯಿತು. ಧಣಿಗಳ ಮಗಳು ಐರಿನ್‌ಳ ಮದುವೆಗೂ ಅವರೇ ನುಡಿಸಬೇಕೆಂದು ಮಾತಾಗಿತ್ತು.

ಮಾರನೆಯ ವಾರ ಗಿಟಾರು ನಮ್ಮ ಅಂಗಡಿಗೆ ಬಂತು. ಮಾಮ ಅದನ್ನು ಹಸುಗೂಸನ್ನು ಕೊಡುವ ಹಾಗೆ ನನ್ನ ಕೈಗೆ ಕೊಟ್ಟು, "ಬಾಯೆ, ಇದು ಹೋದರೆ ನನ್ನ ಅನ್ನ ಹೋಯಿತು, ಗೊತ್ತುಂಟಲ್ಲ?" ಎಂದರು.

ಟೊಳ್ಳು ಗಿಟಾರಿನ ಜ್ಯಾಕ್ ಬದಲಾಯಿಸುವುದು ಸುಲಭದ ಕೆಲಸವಲ್ಲ. ಹಿಂದೆ ಬಾಗಿಲು ಇರುವುದಿಲ್ಲ, ಕೈ ಒಳಗೆ ಹೋಗುವುದಿಲ್ಲ. ಹೊರಗಿನ ನಟ್ಟು ಬಿಚ್ಚಿದರೆ ಜ್ಯಾಕು ಹೊಟ್ಟೆಯೊಳಗೆ ಬೀಳುತ್ತದೆ. ಅದಕ್ಕೇ ಮೊದಲು ಅದರ ಮೂತಿಗೆ ಗಟ್ಟಿ ನೂಲು ಕಟ್ಟಿದೆ, ಆಮೇಲೆ ನಟ್ಟು ಬಿಚ್ಚಿ ಒಳಕ್ಕೆ ತಳ್ಳಿ, ಎದೆಯ ಸೀಳಿನಿಂದ ತಂತಿಯ ಕೊಕ್ಕೆ ಹಾಕಿ ಹೊರಗೆ ಎಳೆದೆ. ಪಪ್ಪ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಅವರು ನಿಂತಿದ್ದರು ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು.

ಹಳೆಯ ಜ್ಯಾಕಿನ ಸ್ಪ್ರಿಂಗು ಸೋತುಹೋಗಿ ಪಿನ್ನನ್ನು ಹಿಡಿಯುತ್ತಿರಲಿಲ್ಲ. ಸ್ವರ ಹೋಗಿ ಬರುತ್ತಿದ್ದದ್ದು ಅದರಿಂದ. ಆದರೆ ಅದೊಂದೇ ಆಗಿರಲಿಲ್ಲ. ಇಂಥ ಗಿಟಾರಿನಲ್ಲಿ ಲೋಹದ ತಂತಿಗಳಿಗೂ ಜ್ಯಾಕಿಗೂ ನಡುವೆ ಒಂದು ತೆಳ್ಳನೆಯ ವೈರು ಇರಬೇಕು. ಅದಿದ್ದರೆ ಗುಂಯ್ ಎಂಬ ಸದ್ದು ಬರುವುದಿಲ್ಲ. ಈ ಗಿಟಾರಿನಲ್ಲಿ ಆ ವೈರು ಯಾವುದೋ ಕಾಲದಲ್ಲೇ ಕಡಿದು, ಹಸಿರು ಕಿಲುಬು ಹಿಡಿದು ನೇತಾಡುತ್ತಿತ್ತು.

ಪಪ್ಪನ ಡಬ್ಬಿಯಲ್ಲಿ ಮಿಲಿಟರಿ ವಯರ್‌ಲೆಸ್ ಸೆಟ್ಟಿನಿಂದ ತೆಗೆದಿಟ್ಟ ಒಂದು ಒಳ್ಳೆಯ ಜ್ಯಾಕು ಇತ್ತು. ಅದೇ ಅಳತೆ. ಎರಡೂ ವೈರುಗಳನ್ನು ಉಜ್ಜಿ ಬಿಳಿ ಮಾಡಿ, ರಾಳ ಮುಟ್ಟಿಸಿ, ಬೆಸುಗೆ ಹಾಕಿದೆ. ತಂತಿಯ ಕಡೆಯ ವೈರನ್ನೂ ಸೇರಿಸಿದೆ. ಆಮೇಲೆ ಅದೇ ನೂಲನ್ನು ಹೊಸ ಜ್ಯಾಕಿಗೆ ಕಟ್ಟಿ, ಎಳೆದು ಎಳೆದು ತೂತಿಗೆ ತರಬೇಕು. ಒಮ್ಮೆ ಬಂದದ್ದು ತಿರುಚಿಕೊಂಡಿತು, ಮತ್ತೆ ಬಿಟ್ಟು ಮತ್ತೆ ಎಳೆದೆ. ನಟ್ಟು ಕೂತು ಬಿಗಿಯಾದಾಗ ನನ್ನ ರವಿಕೆ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಮಾಮ ತಮ್ಮ ಸ್ವಂತ ಆಂಪ್ಲಿಫೈಯರಿಗೆ ವೈರು ಹಾಕಿ ಒಂದು ತಂತಿ ಮೀಟಿದರು. ಗುಂಯ್ ಇಲ್ಲ, ಕರಕರ ಇಲ್ಲ, ಸ್ವರ ಮಾತ್ರ. ಅವರು ಮೀಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಬೊಂಬಾಯಿಯಲ್ಲಿ ಎರಡು ಕಡೆ ತೋರಿಸಿದ್ದೇನೆ ಬಾಯೆ. ಹೀಗೆ ಯಾರೂ ಮಾಡಿಕೊಡಲಿಲ್ಲ. ಸತ್ಯವಾಗಿ ಹೇಳ್ತೇನೆ, ಧಣಿಗಳ ಮನೆಯ ರೋಸಿನ ದಿನ ಎಲ್ಲರೆದುರು ನಿನ್ನ ಹೆಸರು ಹೇಳ್ತೇನೆ."

"ಹೇಳು ಜೆರಿ, ನೀನೇ ಹೇಳು," ಎಂದರು ಪಪ್ಪ. "ನಾನು ಹೇಳಿದರೆ ಮಗಳನ್ನು ಹೊಗಳಿದ ಹಾಗೆ ಆಗ್ತದೆ."

ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಿದೆ. "ಮಾಮ, ಈಗ ತಂತಿಗೂ ಜ್ಯಾಕಿಗೂ ಸಂಬಂಧ ಆಯಿತು. ನಿಮ್ಮ ಪೆಟ್ಟಿಗೆಗೆ ಹಾಕಿದರೆ ಹೆದರಿಕೆ ಇಲ್ಲ. ಧಣಿಗಳ ರೇಡಿಯೋಗೆ ಮಾತ್ರ ಹಾಕಬೇಡಿ. ಅದು ಎಸಿಗೂ ಡಿಸಿಗೂ ನಡೆಯುವ ಸೆಟ್ಟು. ಪ್ಲಗ್ಗು ಉಲ್ಟಾ ಕೂತರೆ ಅದರ ಒಳಗಿನ ತಗಡಿಗೆ ನೇರ ಕರೆಂಟು ಬರ್ತದೆ. ಮರದ ಪೆಟ್ಟಿಗೆ ಇರುವುದರಿಂದ ಹೊರಗೆ ಗೊತ್ತಾಗುವುದಿಲ್ಲ. ಈಗ ಆ ಕರೆಂಟು ಸೀದಾ ನಿಮ್ಮ ತಂತಿಗೆ ಬರ್ತದೆ."

"ಕ್ರಿಸ್ಮಸ್ಸಿಗೆ ಏನೂ ಆಗಲಿಲ್ಲವಲ್ಲ?" ಎಂದರು ಮಾಮ.

"ಆಗ ಈ ಸಣ್ಣ ವೈರು ಕಡಿದಿತ್ತು ಮಾಮ. ಅದು ಕಡಿದದ್ದೇ ನಿಮ್ಮನ್ನು ಕಾಪಾಡಿದ್ದು."

"ಗೊತ್ತುಂಟು, ಗೊತ್ತುಂಟು," ಎಂದರು ಪಪ್ಪ. "ನಾನು ನೋಡಿಕೊಳ್ತೇನೆ."

ರೋಸ್ ಎಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ. ಧಣಿಗಳ ಅಂಗಳಕ್ಕೆ ದೊಡ್ಡ ಚಪ್ಪರ ಹಾಕಿಸಿದ್ದರು. ಸಂಜೆ ಬಿಸಿಲು ಇನ್ನೂ ಇರುವಾಗಲೇ ಜನ ತುಂಬಿದ್ದರು. ಮೊದಲಿಗೆ ಮಾಮ ತಮ್ಮ ಪೆಟ್ಟಿಗೆ ಇಟ್ಟು ನುಡಿಸಿದರು. ಅಷ್ಟು ಚಂದದ ಸ್ವರ ನಾನು ಆಮೇಲೆ ಕೇಳಿಲ್ಲ. ನಾನು ಹೆಂಗಸರ ನಡುವೆ ಕೂತು, ನನ್ನ ಬೆಸುಗೆಯ ಮೂಲಕವೇ ಅದು ಬರುತ್ತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಧಣಿಗಳು ಪಪ್ಪನ ಹೆಗಲ ಮೇಲೆ ಕೈ ಹಾಕಿದರು. "ಪಾವ್ಲು, ಗಿಟಾರು ರಿಪೇರಿ ಮಾಡಿದ್ದು ಯಾರು?"

ಪಪ್ಪ ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ ನಕ್ಕು, "ನಾನೇ ಧಣಿ, ಇನ್ಯಾರು?" ಎಂದರು.

ಮಾಮನಿಗೂ ಅದು ಕೇಳಿಸಿತು. ಅವರು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು, ತಾಳು, ಆಮೇಲೆ ಹೇಳ್ತೇನೆ ಎಂಬ ಹಾಗೆ. ತಾಳಿದೆ. ತಾಳುವುದು ನನಗೆ ಅಭ್ಯಾಸವಾಗಿತ್ತು.

ಐರಿನ್‌ಳನ್ನು ಮಣೆಯ ಮೇಲೆ ಕೂರಿಸಿದರು. ಹೆಂಗಸರು ಹಾಡು ಹೇಳಿದರು. ಮನೆಯವರು, ನೆಂಟರು, ನೆರೆಕರೆಯವರು ಒಬ್ಬೊಬ್ಬರಾಗಿ ಬಂದು ಅವಳ ತಲೆಗೆ ಎಣ್ಣೆ, ಮೈಗೆ ತೆಂಗಿನಹಾಲು ಹಚ್ಚಿದರು. ಹಾಲು ಹರಿದು ಅಂಗಳದ ಮಣ್ಣೆಲ್ಲ ಕೆಸರಾಯಿತು. ಜೆರಿ ಮಾಮನೂ ದೂರದ ಸಂಬಂಧಿ. ಅವರು ಬೂಟು ಕಾಲ್ಚೀಲ ಬಿಚ್ಚಿಟ್ಟು ಬಂದು ಹಾಲು ಹಚ್ಚಿದರು. ಅಷ್ಟರಲ್ಲಿ ಐರಿನ್‌ಳ ಗೆಳತಿಯರು, "ಬೊಂಬಾಯಿ ಮಾಮನಿಗೂ ರೋಸ್, ಇವರಿಗೂ ಮದುವೆ ಮಾಡುವಾ" ಎಂದು ಉಳಿದ ಹಾಲನ್ನು ಅವರ ತಲೆಗೇ ಸುರಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ನಗು ನಿಲ್ಲುವ ಮೊದಲೇ ಧಣಿಗಳು ಕೂಗಿದರು: "ಜೆರಿ, ಇನ್ನೊಂದು ನುಡಿಸು ಮಾರಾಯ. ಆದರೆ ನಿನ್ನ ಪೆಟ್ಟಿಗೆ ಎಂತ, ಸೊಳ್ಳೆಯ ಹಾಗೆ ಕುಂಯ್ ಅನ್ತದೆ. ನಮ್ಮ ರೇಡಿಯೋ ಹೊರಗೆ ತರಿಸಿದ್ದೇನೆ. ಅದಕ್ಕೆ ಹಾಕು, ಕಂಕನಾಡಿಯವರೆಗೆ ಕೇಳಲಿ! ಪಾವ್ಲು, ಹಾಕಿಕೊಡು ನೋಡುವಾ."

ಜಗಲಿಯ ತುದಿಯಲ್ಲಿ ರೇಡಿಯೋ ಇಟ್ಟಿದ್ದರು. ಒಳಗಿನಿಂದ ಒಂದು ಉದ್ದದ ವೈರು ಎಳೆದು ತಂದಿದ್ದರು. ನಾನು ಹೆಂಗಸರನ್ನು ದಾಟಿಕೊಂಡು ಜಗಲಿಗೆ ಓಡಿದೆ.

"ಪಪ್ಪ, ಬೇಡ. ಬೇಡವೆಂದು ಧಣಿಗಳಿಗೆ ಹೇಳಿ."

"ಹೇಗೆ ಹೇಳುವುದು? ಮದುವೆ ಮನೆ ಇದು," ಎಂದು ಪಪ್ಪ ಮೆಲ್ಲಗೆ ಹೇಳಿದರು.

"ಹಾಗಾದರೆ ಟೆಸ್ಟ್ ಲ್ಯಾಂಪ್ ಹಿಡಿದು ಪ್ಲಗ್ಗು ಉಲ್ಟಾ ಉಂಟಾ ನೋಡುವಾ. ಒಂದೇ ನಿಮಿಷ. ಮಾಮನ ಕೈ ಒದ್ದೆ ಉಂಟು, ಕಾಲಿಗೆ ಬೂಟಿಲ್ಲ."

"ಕ್ರಿಸ್ಮಸ್ಸಿಗೆ ಇದೇ ರೇಡಿಯೋಗೆ ನಾನೇ ಹಾಕಿದ್ದು. ಏನೂ ಆಗಲಿಲ್ಲ."

"ಪಪ್ಪ, ಅವತ್ತು ಆ ವೈರು..."

ಅಷ್ಟರಲ್ಲಿ ಧಣಿಗಳ ತಮ್ಮ ನಗುತ್ತಾ, "ಎಂತ ಪಾವ್ಲು, ಮಗಳು ಪಾಠ ಮಾಡ್ತಾಳಾ?" ಎಂದರು. ನಾಲ್ಕು ಜನ ತಿರುಗಿ ನೋಡಿದರು. ಪಪ್ಪನ ಕಿವಿ ಕೆಂಪಾಯಿತು. ನನ್ನ ಅಪ್ಪ ಅಷ್ಟು ಗಟ್ಟಿಯಾಗಿ ನನಗೆ ಬೈದದ್ದು ಅದೇ ಮೊದಲು: "ನೀನು ಹೋಗಿ ಹೆಂಗಸರ ಜೊತೆ ಕೂತ್ಕೋ! ಗಂಡಸರ ಕೆಲಸದಲ್ಲಿ ನಿನಗೆ ಎಂತ?"

ಗಂಡಸರ ಕೆಲಸ! ನಾನು ಹೋದೆ. ಆದರೆ ಕೂರಲಿಲ್ಲ, ವೈರು ಒಳಗಿನಿಂದ ಬರುವ ಬಾಗಿಲ ಬಳಿ ನಿಂತೆ. ಪಪ್ಪ ಗಿಟಾರಿನ ವೈರನ್ನು ರೇಡಿಯೋಗೆ ಸಿಕ್ಕಿಸಿದರು. ಮಾಮ ಕೆಸರಿನಲ್ಲಿ ಇಟ್ಟ ಕಬ್ಬಿಣದ ಕುರ್ಚಿಯಲ್ಲಿ ಬರಿಗಾಲಿನಲ್ಲಿ ಕೂತರು. ಹಾಲಿನಲ್ಲಿ ತೊಯ್ದ ಕೈಯನ್ನು ಅಂಗಿಗೆ ಒರೆಸಿಕೊಂಡರು. "ಮಾಮಾ, ಬೇಡ!" ಎಂದು ಕೂಗಿದೆ. ಗದ್ದಲದಲ್ಲಿ ಅವರಿಗೆ ಕೇಳಿತೋ ಇಲ್ಲವೋ, ನನ್ನ ಕಡೆ ನೋಡಿ ನಕ್ಕರು. ಎಡಗೈಯ ಬೆರಳುಗಳನ್ನು ತಂತಿಗಳ ಮೇಲೆ ಒತ್ತಿದರು.

ರೇಡಿಯೋದಿಂದ ಕೋಣ ಕೂಗಿದ ಹಾಗೆ ಒಂದು ಸದ್ದು ಬಂತು. ಮಾಮನ ಬಾಯಿಂದ ಸದ್ದೇ ಬರಲಿಲ್ಲ. ಬೆರಳುಗಳು ತಂತಿಗಳನ್ನು ಕಚ್ಚಿ ಹಿಡಿದವು, ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು, ಕುರ್ಚಿಯ ಸಮೇತ ಕೆಸರಿಗೆ ಬಿದ್ದರು. ಅಮ್ಮ "ನನ್ನ ತಮ್ಮ!" ಎಂದು ಅವರ ಮೇಲೆ ಬೀಳಲು ಓಡಿದಳು. ಮುಟ್ಟಿದರೆ ಅವಳೂ ಹೋಗುತ್ತಿದ್ದಳು. ನಾನು ಅಂಗಳಕ್ಕೆ ಹಾರಿ ಎರಡೂ ಕೈಯಿಂದ ಅವಳನ್ನು ನೂಕಿದೆ, ಅವಳು ಹಾಲಿನ ಹಂಡೆಯ ಮೇಲೆ ಹೋಗಿ ಬಿದ್ದಳು. "ಯಾರೂ ಮುಟ್ಟಬೇಡಿ!" ಎಂದು ಕಿರುಚಿ, ಒಳಗೆ ಓಡಿ, ಗೋಡೆಯಿಂದ ವೈರನ್ನು ಕಿತ್ತು ಎಳೆದೆ.

ಸದ್ದು ನಿಂತಿತು. ಮಾಮ ಉಸಿರಾಡುತ್ತಿದ್ದರು. ಎಡಗೈಯ ಬೆರಳುಗಳಿಗೆ ಅಡ್ಡಲಾಗಿ ತಂತಿಗಳು ಸುಟ್ಟ ಗೆರೆಗಳು ಕಪ್ಪಗೆ ಕಾಣುತ್ತಿದ್ದವು. ಯಾರೋ ಕಾರು ತರಲು ಓಡಿದರು. ಐರಿನ್ ಮಣೆಯ ಮೇಲೆ ಕೂತಲ್ಲೇ ಅಳುತ್ತಿದ್ದಳು. ಮುದುಕಿಯರು ಆಗಲೇ ಅಪಶಕುನ, ಅಪಶಕುನ ಎಂದು ಪಿಸುಗುಟ್ಟಲು ಸುರುಮಾಡಿದ್ದರು.

ಧಣಿಗಳ ಮುಖ ಕಪ್ಪಿಟ್ಟಿತ್ತು. ಅವರು ಅಂಗಳದ ನಡುವೆ ನಿಂತು ಗುಡುಗಿದರು: "ಪಾವ್ಲು! ಈ ಗಿಟಾರು ರಿಪೇರಿ ಮಾಡಿದ್ದು ಯಾರು?"

ಅರ್ಧ ಗಂಟೆಯ ಹಿಂದೆ ನಕ್ಕು ಉತ್ತರ ಕೊಟ್ಟ ಮನುಷ್ಯ ಈಗ ತುಟಿ ನೆಕ್ಕಿಕೊಂಡರು. ನಾನು ಅವರನ್ನೇ ನೋಡುತ್ತಿದ್ದೆ. ರಿಪೇರಿ ಸರಿ ಉಂಟು ಧಣಿ, ರೇಡಿಯೋಗೆ ಹಾಕಬಾರದಿತ್ತು ಎಂದು ಹೇಳುತ್ತಾರೆಂದು ಕಾದೆ. ಅಷ್ಟೇ ಹೇಳಿದ್ದರೆ ಸಾಕಿತ್ತು, ಅದು ಸತ್ಯವೂ ಆಗಿತ್ತು.

"ನನ್ನ ಮಗಳು, ಧಣಿ," ಎಂದರು ಪಪ್ಪ. "ನಾನು ಅಂಗಡಿಯಲ್ಲಿ ಇಲ್ಲದಾಗ ಅವಳು ಕೈ ಹಾಕಿದ್ದಾಳೆ. ನನಗೆ 'ಸರಿ ಮಾಡಿದ್ದೇನೆ' ಅಂತ ಹೇಳಿದಳು. ನಾನು ನಂಬಿದೆ."

ಕೊನೆಗೂ ನನ್ನ ಕೆಲಸಕ್ಕೆ ನನ್ನ ಹೆಸರು ಬಂತು. ಚಪ್ಪರ ತುಂಬ ಜನರೆದುರು, ನನ್ನ ಅಪ್ಪನ ಬಾಯಿಂದಲೇ.

"ಸುಳ್ಳು!" ಎಂದೆ. "ಪಪ್ಪ ಟಾರ್ಚು ಹಿಡಿದು ಪಕ್ಕದಲ್ಲೇ ಇದ್ದರು. ರೇಡಿಯೋಗೆ ಹಾಕಬೇಡಿ ಎಂದು ನಾನು ಹೇಳಿದ್ದೆ, ಈಗಲೂ ಹೇಳಿದೆ!"

"ಬಾಯಿ ಮುಚ್ಚು," ಎಂದರು ಧಣಿಗಳ ಹೆಂಡತಿ. "ಹೆತ್ತ ಅಪ್ಪನನ್ನು ಸುಳ್ಳುಗಾರ ಅನ್ತಾಳೆ! ಹೆತ್ತ ತಾಯಿಯನ್ನು ನೂಕಿ ಬೀಳಿಸಿದ್ದನ್ನು ನಾವೆಲ್ಲ ನೋಡಿದ್ದೇವೆ." ಧಣಿಗಳು ತೀರ್ಪು ಕೊಟ್ಟ ಹಾಗೆ ಹೇಳಿದರು: "ಕ್ರಿಸ್ಮಸ್ಸಿಗೆ ಇದೇ ಗಿಟಾರು, ಇದೇ ರೇಡಿಯೋ. ಏನೂ ಆಗಲಿಲ್ಲ. ಈ ಹುಡುಗಿ ಕೈ ಹಾಕಿದ ಮೇಲೆ ಆಯಿತು. ಇನ್ನು ಎಂತ ಕೇಳಲಿಕ್ಕೆ ಉಂಟು?" ಆ ಮಾತಿಗೆ ಎದುರಾಡುವವರು ಯಾರಿದ್ದರು? ಕೇಳಿದರೆ ಯಾರಿಗಾದರೂ ಸರಿಯೆಂದೇ ಕಾಣುತ್ತದೆ. ಕೆಲಸ ಸರಿಯಾಗಿ ಮಾಡಿದ್ದಕ್ಕೇ ಹೀಗಾಯಿತು ಎಂದು ಆ ಕೆಸರಿನ ನಡುವೆ ನಿಂತು ನಾನು ಯಾರಿಗೆ ತಿಳಿಸಲಿ?

ಅತ್ತಾವರದ ಆಸ್ಪತ್ರೆಗೆ ಮಾಮನನ್ನು ನೋಡಲು ಹೋದೆ. ಅಮ್ಮ ನೀರು ತರಲು ಹೊರಗೆ ಹೋದಾಗ ಮಾಮನೇ ಮಾತು ತೆಗೆದರು. "ನಿನ್ನದು ತಪ್ಪಿಲ್ಲ ಬಾಯೆ. ನನಗೆ ಗೊತ್ತುಂಟು."

"ಹಾಗಾದರೆ ಹೇಳಿ ಮಾಮ. ನೀವು ಹೇಳಿದರೆ ಜನ ನಂಬ್ತಾರೆ."

ಅವರು ಬ್ಯಾಂಡೇಜು ಕಟ್ಟಿದ ಕೈಯನ್ನು ನೋಡಿಕೊಂಡರು. "ನಿನ್ನ ಅಪ್ಪ ಹಾಕಿಕೊಟ್ಟದ್ದು ಅಂತ ಹೇಳಿದರೆ ನಾಳೆಯಿಂದ ಅಂಗಡಿಗೆ ನೊಣವೂ ಬರಲಿಕ್ಕಿಲ್ಲ. ನನ್ನ ಅಕ್ಕ ಎಂತ ತಿನ್ನುವುದು? ನೀನು ಹುಡುಗಿ, ನಾಳೆ ಮದುವೆಯಾಗಿ ಹೋಗುವವಳು. ನಿನ್ನ ಹೆಸರಿಗೆ ಎಂತ ಆಗ್ತದೆ ಹೇಳು?"

ಅವರ ಎರಡು ಬೆರಳುಗಳು ಮತ್ತೆ ಬಗ್ಗಲಿಲ್ಲ. ಬೊಂಬಾಯಿಗೆ ಹೋಗಿ, ಅದೇ ಹೋಟೆಲಿನಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದರೆಂದು ಆಮೇಲೆ ಗೊತ್ತಾಯಿತು. ಅವರ ಮೇಲೆ ನನಗೆ ಸಿಟ್ಟಿದೆ, ಅಯ್ಯೋ ಎಂದೂ ಅನಿಸುತ್ತದೆ. ಅವರ ಅನ್ನ ಹೋದದ್ದು ನಿಜವಲ್ಲವೇ?

ಒಂದು ವಾರ ನಾನು ಅಂಗಡಿಗೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪಪ್ಪ ಒಂದು ರೇಡಿಯೋವನ್ನು ಗೋಣಿಯಲ್ಲಿ ಸುತ್ತಿ ಮನೆಗೆ ತಂದು ಅಡುಗೆಮನೆಯಲ್ಲಿ ಇಟ್ಟರು. "ಬಾಯೆ, ಒಳಗೆ ಒಂದು ಸಣ್ಣ ವೈರು ಬಿಟ್ಟಿದೆ. ನನ್ನ ಕಣ್ಣಿಗೆ ಕಾಣುವುದಿಲ್ಲ."

"ನಾನು ಕೈ ಹಾಕಿದರೆ ಜನರಿಗೆ ಶಾಕ್ ಹೊಡೀತದಲ್ಲ ಪಪ್ಪ? ನೀವೇ ಊರಿಗೆಲ್ಲ ಹೇಳಿದ್ದು."

ಅವರು ಬಾಗಿಲಿಗೆ ಒರಗಿ ನಿಂತೇ ಇದ್ದರು. ಒಲೆಯ ಮುಂದಿದ್ದ ಅಮ್ಮ, "ಹಟ ಸಾಕು ಸೆಲಿನ್. ಅನ್ನದ ಪಾತ್ರೆಗೆ ಸಿಟ್ಟು ಹಾಕಿ ಬೇಯಿಸಲಿಕ್ಕೆ ಆಗ್ತದಾ?" ಎಂದಳು. ಬೆಸುಗೆ ಕಡ್ಡಿಯನ್ನು ಅಮ್ಮನ ಒಲೆಗೇ ಇಟ್ಟು ಕಾಯಿಸಿ ಆ ವೈರು ಹಾಕಿಕೊಟ್ಟೆ. ಅಲ್ಲಿಂದ ಪಪ್ಪ ಇರುವ ತನಕ ಹಾಗೆಯೇ ನಡೆಯಿತು. ಅಂಗಡಿಯ ಪರದೆಯ ಹಿಂದೆ ಇದ್ದವಳು ಈಗ ಅಡುಗೆಮನೆಗೆ ಬಂದೆ, ಅಷ್ಟೇ ವ್ಯತ್ಯಾಸ. ಜನ, "ಪಾವ್ಲು ಮಗಳನ್ನು ಅಂಗಡಿಯಿಂದ ಓಡಿಸಿದ, ಒಳ್ಳೆಯದೇ ಮಾಡಿದ" ಎಂದು ಹೇಳುತ್ತಿದ್ದರು. ಅವರ ರೇಡಿಯೋಗಳು ನಮ್ಮ ಒಲೆಯ ಪಕ್ಕದಲ್ಲಿ ರಿಪೇರಿಯಾಗಿ ಹೋಗುತ್ತಿದ್ದವು.

ಮದುವೆಯ ಮಾತೂ ಬಂದಿತ್ತು. ತೊಕ್ಕೊಟ್ಟಿನ ಕಡೆಯ ಹುಡುಗ, ಮೇಷ್ಟ್ರು. ಎಲ್ಲ ಒಪ್ಪಿಗೆಯಾಗಿ ಕೊನೆಗೆ ಹುಡುಗನ ತಾಯಿ ಹೇಳಿಕಳಿಸಿದಳು, ಹುಡುಗಿಯ ಕೈಗುಣ ಒಳ್ಳೆಯದಲ್ಲವಂತೆ, ರೋಸಿನ ಮನೆಯಲ್ಲೇ ಸ್ವಂತ ಮಾಮನನ್ನು ಕೆಡಿಸಿದವಳಂತೆ, ಬೇಡ ಎಂದು. ಕೈಗುಣವಂತೆ! ನನ್ನ ಕೈ ಮುಟ್ಟಿದ ಒಂದೇ ಒಂದು ಬೆಸುಗೆ ಬಿಟ್ಟುಬಂದದ್ದಿಲ್ಲ. ಆ ಗಿಟಾರಿನದೂ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಮಾಮನ ಬೆರಳು ಉಳಿಯುತ್ತಿತ್ತು.

ಕೆಲವು ವರ್ಷಗಳ ನಂತರ ಪಪ್ಪ ಹಾಸಿಗೆ ಹಿಡಿದರು. ನಾನೇ ನೋಡಿಕೊಂಡೆ. ಕಣ್ಣು ಪೂರಾ ಹೋಗಿತ್ತು. ಒಂದು ದಿನ ಗಂಜಿ ಕುಡಿಸುವಾಗ ಕೇಳಿಯೇಬಿಟ್ಟೆ. "ಪಪ್ಪ, ಅವತ್ತು ಯಾಕೆ ಹಾಗೆ ಹೇಳಿದಿರಿ? ಈಗಲಾದರೂ ಒಬ್ಬರ ಹತ್ತಿರ ನಿಜ ಹೇಳಿ. ಪಾದ್ರಿಗಳ ಹತ್ತಿರವಾದರೂ."

"ಆ ಹಳೆಯದೆಲ್ಲ ಈಗ ಯಾರಿಗೆ ನೆನಪುಂಟು ಬಾಯೆ," ಎಂದು ಅವರು ಗೋಡೆಯ ಕಡೆ ತಿರುಗಿದರು. ಗಂಜಿ ಅರ್ಧ ಉಳಿಯಿತು.

ಅವರ ಮಣ್ಣಿಗೆ ಧಣಿಗಳೂ ಬಂದಿದ್ದರು. ಸಿಮೆಟ್ರಿಯಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ, "ಪಾವ್ಲುವಿನ ಕೈಯೇ ಕೈ. ಕಣ್ಣು ಹೋದ ಮೇಲೂ ಅವನು ಮಾಡಿಕೊಟ್ಟ ನಮ್ಮ ರೇಡಿಯೋ ಇವತ್ತಿಗೂ ಗೊರ್ ಅನ್ನುವುದಿಲ್ಲ," ಎಂದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಒಂದು ಹಿಡಿ ಮಣ್ಣು ಹಾಕಲು ಮುಂದೆ ಹೋದೆ. ಹಿಂದೆ ಒಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ಇವಳೇ ಅವಳು, ಮಾಮನ ಕೈ ತೆಗೆದವಳು. ಎಂಥ ಅಪ್ಪನಿಗೆ ಎಂಥ ಮಗಳು ಹುಟ್ಟಿದಳು ನೋಡು." ಕೈಯಲ್ಲಿದ್ದ ಮಣ್ಣನ್ನು ಹಾಕಿ ಬಂದೆ. ತಿರುಗಿ ನೋಡಲಿಲ್ಲ.

ಈಗ ನಾನೂ ಮುದುಕಿ. ಮದುವೆಯಾಗಲಿಲ್ಲ, ಹೊಲಿಗೆ ಕಲಿಸಿ ಜೀವನ ಮಾಡಿದೆ. ಪ್ರತಿ ವರ್ಷ ಚರ್ಚಿನಲ್ಲಿ ಪಪ್ಪನ ಹೆಸರಿನಲ್ಲಿ ಪೂಜೆ ಕೊಡುತ್ತೇನೆ, ಮಗಳಾಗಿ ಮಾಡಬೇಕಾದದ್ದಕ್ಕೆ ಕಡಿಮೆ ಮಾಡಿಲ್ಲ. ಆದರೆ ಈ ಸಿಟ್ಟು ಆರಿಲ್ಲ. ಹೋದ ವರ್ಷ ಪಾಪನಿವೇದನೆಗೆ ಹೋದಾಗ ಹೊಸದಾಗಿ ಬಂದ ಎಳೆಯ ಪಾದ್ರಿಗಳಿಗೆ ಇದನ್ನೆಲ್ಲ ಹೇಳಿದೆ. "ಇಷ್ಟು ವರ್ಷ ಆಯಿತಲ್ಲ ಅಮ್ಮ, ಇನ್ನಾದರೂ ಅವರನ್ನು ಕ್ಷಮಿಸಬಾರದಾ?" ಎಂದರು.

"ಕೇಳಿದ್ದರೆ ಅವತ್ತೇ ಕ್ಷಮಿಸುತ್ತಿದ್ದೆ ಫಾದರ್," ಎಂದೆ. "ಅವರು ಕೇಳಲೇ ಇಲ್ಲ."